ಬಾಡಿಗೆಯ ಸೂರಿನಡಿ ಸರ್ಕಾರ

ಬೆಂಗಳೂರಿನ ವಿಧಾನಸೌಧದ ಉನ್ನತವಾದ ಕಲ್ಲುಕಂಬಗಳನ್ನೂ ಅದರ ಮುಂದಣ ವಿಶಾಲವಾದ ಸೋಪಾನಪಂಕ್ತಿಯನ್ನೂ ಕಂಡವರಿಗೆ, ಸರ್ಕಾರವೆಂಬುದು ಯಾವಾಗಲೂ ತನ್ನ ಸ್ವಂತ ಭವನದಲ್ಲಿಯೇ ಕುಳಿತು ಕಾರ್ಯನಿರ್ವಹಿಸುತ್ತದೆಯೆಂಬ ಭಾವನೆ ಉಂಟಾಗುವುದು ಸಹಜ. ಆದರೆ ಜಮೀನಿನ ನೋಂದಣಿಗೆಂದೊ, ವೃದ್ಧಾಪ್ಯದ ಪಿಂಚಣಿಗೆಂದೊ, ಪಹಣಿಯಲ್ಲಿ ಹೆಸರಿನ ತಿದ್ದುಪಡಿಗೆಂದೊ ಕೆಲಸ ಬಿಟ್ಟು, ಬಸ್ಸು ಹಿಡಿದು ಬರತಕ್ಕ ಸಾಮಾನ್ಯ ಪ್ರಜೆ ಕಾಣುವ ಸರ್ಕಾರ ಬೇರೆ. ಅದು ಎಷ್ಟೋ ಊರುಗಳಲ್ಲಿ ಕೆಳಗೆ ಅಂಗಡಿ, ಮೇಲೆ ವಾಸದ ಮನೆ, ನಡುವಣ ಅಂತಸ್ತಿನಲ್ಲಿ ಇಲಾಖೆಯ ನಾಮಫಲಕ ಎಂಬಂತಿರುವ ಖಾಸಗಿ ಕಟ್ಟಡದಲ್ಲಿ ತಿಂಗಳ ಬಾಡಿಗೆಗೆ ಕುಳಿತ ಸರ್ಕಾರ. ಕೆಲವೆಡೆ ಒಂದೇ ಕಟ್ಟಡವನ್ನು, ಒಂದೇ ಅಂತಸ್ತನ್ನು, ಒಂದೇ ನೀರಿನ ತೊಟ್ಟಿಯನ್ನು ಎರಡು ಮೂರು ಇಲಾಖೆಗಳು ಹಂಚಿಕೊಂಡಿರುತ್ತವೆ. ಈ ಹಂಚಿಕೆ ಹೇಗೆ ನಡೆಯುತ್ತದೆ, ಯಾವ ನಿಯಮಕ್ಕೆ ಒಳಪಟ್ಟಿದೆ, ಎಲ್ಲಿ ಸಲೀಸಾಗಿ ಸಾಗಿ ಎಲ್ಲಿ ಕುಂಟುತ್ತದೆ ಎಂಬುದನ್ನು ವಿಚಾರಿಸುವುದು ಕೇವಲ ಲೆಕ್ಕಪತ್ರದವರ ಕೆಲಸವಲ್ಲ. ಆ ಮೆಟ್ಟಲುಗಳನ್ನು ಹತ್ತಿ ಇಳಿಯತಕ್ಕ ನಮ್ಮೆಲ್ಲರದೂ ಹೌದು.

ಹಲವು ಇಲಾಖೆಗಳು ಒಂದೇ ಸೂರಿನಡಿ ಬಾಳುವುದು ನಮ್ಮ ನಾಡಿಗೆ ಹೊಸ ಸಂಗತಿಯಲ್ಲ. 1831ರಲ್ಲಿ ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಸೇರಿದ ಮೇಲೆ, ಬೆಂಗಳೂರಿನ ಕೋಟೆಯೊಳಗಿನ ಟಿಪ್ಪುವಿನ ಬೇಸಗೆಯ ಅರಮನೆಯೇ ಬಹುಕಾಲ ಸರ್ಕಾರದ ಕಚೇರಿಯಾಗಿತ್ತು. ರಾಜವಿಲಾಸಕ್ಕೆಂದು ಕಟ್ಟಿದ ಮರದ ಕಂಬಗಳ ಆ ಮಂದಿರದಲ್ಲಿ ಕಾಗದಪತ್ರಗಳು ಬೆಳೆಯುತ್ತ ಹೋದಂತೆ ಸ್ಥಳ ಸಾಲದೆ ಬಂದು, ಕಮಿಷನರಾಗಿದ್ದ ಬೌರಿಂಗ್ ಸಾಹೇಬನ ಕಾಲದಲ್ಲಿ, 1864ರಲ್ಲಿ ಹೊಸ ಕಟ್ಟಡಕ್ಕೆ ಕೈಹಾಕಿ 1868ರಲ್ಲಿ ಮುಗಿಸಿದರು. ಅದೇ ಕಬ್ಬನ್ ಉದ್ಯಾನದ ಅಂಚಿನಲ್ಲಿ ಇಂದಿಗೂ ಕೆಂಪಾಗಿ ನಿಂತಿರುವ ಅಠಾರಾ ಕಚೇರಿ. ರಾವ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ಕಟ್ಟಿಸಿದ ಆ ಭವನದಲ್ಲಿ ಸರ್ಕಾರದ ಹದಿನೆಂಟು ಇಲಾಖೆಗಳು ಒಟ್ಟಿಗೆ ನೆಲಸಿದವು. ಸ್ವಾತಂತ್ರ್ಯಾನಂತರ ಅದೂ ಸಾಲದಾಯಿತು. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅವರು ಶಂಕುಸ್ಥಾಪನೆ ಮಾಡಿದ ವಿಧಾನಸೌಧ, ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಛಲದ ಫಲವಾಗಿ ಮೇಲೆದ್ದು 1956ರಲ್ಲಿ ಪೂರ್ಣಗೊಂಡಿತು. ಅಠಾರಾ ಕಚೇರಿಯಲ್ಲಿ ಉಚ್ಚ ನ್ಯಾಯಾಲಯ ಉಳಿಯಿತು. ವಿಧಾನಸೌಧ ಸಾಲದೆ ಅದರ ಹತ್ತಿರ ಬಹುಮಹಡಿ ಕಟ್ಟಡ ಬಂತು. ಅದೂ ಸಾಲದೆ 2005ರಲ್ಲಿ ವಿಕಾಸಸೌಧ ಬಂತು. ಒಂದೊಂದು ಭವನವೂ ಇದೇ ಕೊನೆಯದೆಂಬ ಭರವಸೆಯಿಂದ ಎದ್ದಿತು, ಒಂದೊಂದೂ ಕೆಲವೇ ದಶಕಗಳಲ್ಲಿ ತುಂಬಿತು. ಸರ್ಕಾರದ ಕಾರ್ಯಕ್ಷೇತ್ರ ವಿಸ್ತರಿಸುವ ವೇಗವನ್ನು ಗಾರೆ ಕೆಲಸದ ವೇಗ ಎಂದೂ ಹಿಡಿಯಲಾರದು. ಆ ಅಂತರವನ್ನು ತುಂಬಲೆಂದೇ ಬಾಡಿಗೆಯ ಮನೆ ಬರುತ್ತದೆ.

ಈ ಅಂತರ ಎಷ್ಟು ದೊಡ್ಡದೆಂಬುದು ನಮ್ಮ ರಾಜ್ಯದಲ್ಲಿ ಈಚೆಗೆ ಸ್ಪಷ್ಟವಾಗಿ ಕಂಡದ್ದು ಹೊಸ ತಾಲ್ಲೂಕುಗಳ ರಚನೆಯ ಸಂದರ್ಭದಲ್ಲಿ. 2017ರ ಮಾರ್ಚಿನಲ್ಲಿ ಮಂಡಿತವಾದ ರಾಜ್ಯ ಆಯವ್ಯಯದಲ್ಲಿ 49 ಹೊಸ ತಾಲ್ಲೂಕುಗಳ ಘೋಷಣೆಯಾಯಿತು. ಜನರ ಬೇಡಿಕೆ ಹಳೆಯದು, ನ್ಯಾಯವಾದದ್ದು. ಹತ್ತಾರು ಮೈಲಿ ದೂರದ ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದವರಿಗೆ ಸರ್ಕಾರ ಹತ್ತಿರ ಬರುವುದೆಂದರೆ ಸಣ್ಣ ಮಾತಲ್ಲ. ಆದರೆ ಆಜ್ಞೆಯೊಂದರಿಂದ ತಾಲ್ಲೂಕು ಹುಟ್ಟಬಹುದಲ್ಲದೆ ಕಟ್ಟಡ ಹುಟ್ಟಲಾರದು. ತಹಶೀಲ್ದಾರರ ಕಚೇರಿ, ತಾಲ್ಲೂಕು ಪಂಚಾಯಿತಿ, ಭೂಮಾಪನ ಶಾಖೆ, ಖಜಾನೆ, ಶಿಕ್ಷಣಾಧಿಕಾರಿಗಳ ಕಚೇರಿ, ಕೃಷಿ ಇಲಾಖೆ, ಶಿಶು ಅಭಿವೃದ್ಧಿ ಯೋಜನೆ — ಇವೆಲ್ಲವೂ ಒಂದು ತಾಲ್ಲೂಕು ತಾಲ್ಲೂಕೆನ್ನಿಸಿಕೊಳ್ಳಲು ಬೇಕು. ಹಳೆಯ ತಾಲ್ಲೂಕುಗಳಲ್ಲಿ ಇವುಗಳಲ್ಲಿ ಹಲವನ್ನು ಒಂದುಗೂಡಿಸಲೆಂದೇ ಮಿನಿ ವಿಧಾನಸೌಧಗಳನ್ನು ಕಟ್ಟಿದ್ದರು. ಈಚೆಗೆ ಅವಕ್ಕೆ ಪ್ರಜಾಸೌಧವೆಂಬ ಹೆಸರು ಬಂದಿದೆ. ಹೊಸ ತಾಲ್ಲೂಕುಗಳಲ್ಲಿ ಅಂಥ ಸೌಧ ಏಳುವವರೆಗೆ ಇರುವ ದಾರಿ ಮೂರೇ: ಖಾಲಿಯಿರುವ ಶಾಲೆಯನ್ನೊ ಸಮುದಾಯ ಭವನವನ್ನೊ ಹಿಡಿಯುವುದು, ಇನ್ನೊಂದು ಇಲಾಖೆಯ ಕಟ್ಟಡದಲ್ಲಿ ಒಂದೆರಡು ಕೊಠಡಿ ಬೇಡುವುದು, ಅಥವಾ ಬಾಡಿಗೆಗೆ ಹೋಗುವುದು.

ಬಾಡಿಗೆಗೆ ಹೋಗುವುದೇ ತಪ್ಪೆಂದು ವಾದಿಸುವವರುಂಟು. ನಾನು ಆ ಪಕ್ಷದವನಲ್ಲ. ನಾಳೆಯೇ ಬಾಗಿಲು ತೆರೆಯಬೇಕಾದ ಕಚೇರಿಗೆ ಬಾಡಿಗೆಯ ಮನೆಯೇ ಸರಿಯಾದ ಉಪಾಯ. ಹತ್ತು ವರ್ಷ ಮಾತ್ರ ನಡೆದು ಮುಗಿಯುವ ಯೋಜನೆಯೊಂದಕ್ಕೆ ನೂರು ವರ್ಷ ಬಾಳುವ ಕಟ್ಟಡ ಕಟ್ಟುವುದು ವಿವೇಕವೂ ಅಲ್ಲ. ಬಾಡಿಗೆಗೆ ಹೋಗುವುದಾದರೆ ಬೇರೆ ಬೇರೆಯಾಗಿ ಬೀದಿಗೊಬ್ಬರಂತೆ ಹೋಗುವುದಕ್ಕಿಂತ ಒಟ್ಟಾಗಿ ಹೋಗುವುದು ಮೇಲು ಎಂಬುದೂ ನಿರ್ವಿವಾದ. ಇದಕ್ಕೆ ಕಾರಣ ಕೇವಲ ಮಿತವ್ಯಯವಲ್ಲ. ಒಬ್ಬ ರೈತ ತನ್ನ ಸರ್ವೆ ನಂಬರಿನ ಒಂದು ಭಾಗವನ್ನು ಮಾರಬೇಕಾದಾಗ ಏನೇನು ನಡೆಯುತ್ತದೆಂಬುದನ್ನು ನೋಡಿದರೆ ಇದು ಮನದಟ್ಟಾಗುತ್ತದೆ. ಮೊದಲು ಭೂಮಾಪನ ಇಲಾಖೆಯಿಂದ, ಮಾರುವ ಭಾಗವನ್ನು ಗುರುತಿಸುವ 11ಇ ನಕ್ಷೆ ಆಗಬೇಕು. ಆಮೇಲೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಪತ್ರ ನೋಂದಣಿಯಾಗಬೇಕು. ಅಲ್ಲಿಂದ ನೋಂದಣಿಯ ವಿವರ ತಿಳಿಸುವ ಜೆ ಸ್ಲಿಪ್ ತಾಲ್ಲೂಕು ಕಚೇರಿಯ ಭೂಮಿ ಶಾಖೆಗೆ ಹೋಗಿ, ಮ್ಯುಟೇಷನ್ ನಡೆದು, ಕೊನೆಗೆ ಪಹಣಿಯಲ್ಲಿ ಹೊಸ ಹೆಸರು ಕೂರಬೇಕು. ಗಣಕಯಂತ್ರಗಳು ಬಂದ ಮೇಲೆ ಕಾಗದ ತಾನೇ ತಾನಾಗಿ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುತ್ತದೆಯೆಂಬುದು ನಿಜ. ಆದರೆ ಆ ಕಾಗದದಲ್ಲಿ ಒಂದು ಅಕ್ಷರ ತಪ್ಪಿದರೆ ಅದರ ಹಿಂದೆ ನಡೆಯಬೇಕಾದವನು ಮನುಷ್ಯನೇ. ಆ ಮೂರು ಕಚೇರಿಗಳು ಒಂದೇ ಮೊಗಸಾಲೆಯಲ್ಲಿದ್ದರೆ ಅವನ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಊರಿನ ಮೂರು ದಿಕ್ಕಿನಲ್ಲಿದ್ದರೆ ಮೂರು ದಿನದ ಕೂಲಿ ಹೋಗುತ್ತದೆ. ಆದ್ದರಿಂದ ಯಾವ ಯಾವ ಇಲಾಖೆಗಳನ್ನು ಒಂದೆಡೆ ಕೂಡಿಸಬೇಕೆಂಬುದನ್ನು ಯಾವ ಮನೆಯಲ್ಲಿ ಎಷ್ಟು ಕೊಠಡಿ ಖಾಲಿಯಿದೆಯೆಂಬ ಲೆಕ್ಕದಿಂದ ನಿರ್ಣಯಿಸದೆ, ಒಬ್ಬ ಅರ್ಜಿದಾರ ಯಾವ ಕ್ರಮದಲ್ಲಿ ಯಾವ ಮೇಜಿಗೆ ಹೋಗುತ್ತಾನೆಂಬ ಲೆಕ್ಕದಿಂದ ನಿರ್ಣಯಿಸತಕ್ಕದ್ದು.

ಇನ್ನು ಕಾನೂನಿನ ಮಾತು. ಇದು ಸ್ವಲ್ಪ ನಿಧಾನವಾಗಿ ನೋಡಬೇಕಾದ ವಿಷಯ. ನಮ್ಮ ಸಂವಿಧಾನದ 299ನೆಯ ಅನುಚ್ಛೇದದ ಪ್ರಕಾರ ರಾಜ್ಯ ಸರ್ಕಾರದ ಕರಾರುಗಳೆಲ್ಲವೂ ರಾಜ್ಯಪಾಲರ ಹೆಸರಿನಲ್ಲಿ, ಕೇಂದ್ರದ ಕರಾರುಗಳೆಲ್ಲವೂ ರಾಷ್ಟ್ರಪತಿಗಳ ಹೆಸರಿನಲ್ಲಿ ಆಗಬೇಕು. ಆದ್ದರಿಂದ ತಾಲ್ಲೂಕಿನ ಕೃಷಿ ಅಧಿಕಾರಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದರೆ, ನ್ಯಾಯದೃಷ್ಟಿಯಿಂದ ಬಾಡಿಗೆದಾರ ಆ ಅಧಿಕಾರಿಯೂ ಅಲ್ಲ, ಕೃಷಿ ಇಲಾಖೆಯೂ ಅಲ್ಲ, ಕರ್ನಾಟಕ ರಾಜ್ಯವೇ. ಅದೇ ಮನೆಯಲ್ಲಿ ಎರಡು ಕೊಠಡಿಯನ್ನು ತೋಟಗಾರಿಕೆ ಇಲಾಖೆಗೆ ಬಿಟ್ಟುಕೊಟ್ಟರೆ ಒಳಬಾಡಿಗೆಯ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ರಾಜ್ಯ ತನಗೆ ತಾನೇ ಒಳಬಾಡಿಗೆ ಕೊಡಲಾರದು. ಆದರೆ ಆ ಎರಡು ಕೊಠಡಿಯನ್ನು ವಿದ್ಯುತ್ ಸರಬರಾಜು ಕಂಪೆನಿಗೊ, ಒಂದು ನಿಗಮಕ್ಕೊ, ಮಂಡಳಿಗೊ ಬಿಟ್ಟುಕೊಟ್ಟರೆ ಮಾತು ಬದಲಾಗುತ್ತದೆ. ಜನರ ಕಣ್ಣಿಗೆ ಅವೂ ಸರ್ಕಾರವೇ. ಕಾನೂನಿನ ಕಣ್ಣಿಗೆ ಅವು ಪ್ರತ್ಯೇಕ ವ್ಯಕ್ತಿಗಳು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಪ್ರಕರಣ, ಕರಾರಿನಲ್ಲಿ ನಿಷೇಧವಿಲ್ಲದಿದ್ದರೆ, ಬಾಡಿಗೆದಾರನಿಗೆ ಒಳಬಾಡಿಗೆಗೆ ಕೊಡುವ ಅವಕಾಶವನ್ನು ಇಟ್ಟಿದೆ. ಆದರೆ ವಾಡಿಕೆಯ ಕರಾರುಪತ್ರಗಳಲ್ಲಿ ಆ ನಿಷೇಧವನ್ನು ಬರೆಯುವುದೇ ರೂಢಿ. ಕೇಂದ್ರದ ಕಚೇರಿ ರಾಜ್ಯದ ಕಚೇರಿಯ ಬಾಡಿಗೆ ಮನೆಯಲ್ಲಿ ಕೂರುವುದಾದರೂ ಹೀಗೆಯೇ. ರಾಷ್ಟ್ರಪತಿಗಳೂ ರಾಜ್ಯಪಾಲರೂ ಇಲ್ಲಿ ಇಬ್ಬರು ಬೇರೆ ಬೇರೆ ಕರಾರುದಾರರು.

ಅವಧಿಯ ಪ್ರಶ್ನೆಯೂ ಇದರೊಡನೆ ಹೆಣೆದುಕೊಂಡಿದೆ. ಒಂದು ವರ್ಷಕ್ಕೆ ಮೀರಿದ ಬಾಡಿಗೆಯ ಕರಾರು ನೋಂದಣಿಯಾಗಲೇಬೇಕೆಂಬುದು ನಿಯಮ. ಆ ತೊಂದರೆ ಬೇಡವೆಂದು ಹನ್ನೊಂದು ತಿಂಗಳ ಪತ್ರ ಮಾಡಿಕೊಂಡು ವರ್ಷ ವರ್ಷ ಮುಂದುವರಿಸುವುದು ನಮ್ಮ ಊರುಗಳ ಸಂಪ್ರದಾಯ. ಪತ್ರವೇ ಇಲ್ಲದೆಯೊ, ಅವಧಿ ಮುಗಿದ ಪತ್ರದ ಮೇಲೆಯೊ ಕುಳಿತ ಬಾಡಿಗೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯೆನ್ನಿಸಿಕೊಳ್ಳುತ್ತದೆ. ಅದನ್ನು ಹದಿನೈದು ದಿನಗಳ ನೋಟಿಸಿನಿಂದ ಮುಗಿಸಬಹುದು. ಮೂರು ಇಲಾಖೆಗಳ ಕಡತಗಳು, ಗಣಕಯಂತ್ರಗಳು, ಒಂದು ತಾಲ್ಲೂಕಿನ ಜನರೆಲ್ಲರ ವಿಳಾಸಜ್ಞಾನ — ಇಷ್ಟೂ ಹದಿನೈದು ದಿನದ ಎಳೆಯ ಮೇಲೆ ತೂಗಾಡುವುದು ಸುರಕ್ಷಿತವಾದ ವ್ಯವಸ್ಥೆಯೆಂದು ಯಾರೂ ಹೇಳಲಾರರು.

ಬಾಡಿಗೆ ಎಷ್ಟೆಂಬುದನ್ನು ಕಚೇರಿಯ ಮುಖ್ಯಸ್ಥ ತಾನೇ ನಿರ್ಧರಿಸುವಂತಿಲ್ಲ. ಆ ದರ ಆ ಊರಿಗೆ, ಆ ಕಟ್ಟಡಕ್ಕೆ ನ್ಯಾಯವಾದದ್ದೆಂದು ಲೋಕೋಪಯೋಗಿ ಇಲಾಖೆಯ ಎಂಜಿನಿಯರುಗಳು ಅಳೆದು ದೃಢಪಡಿಸಬೇಕು. ಅಳತೆಯಲ್ಲಿ ಮುಖ್ಯವಾದದ್ದು ಗೋಡೆಗಳ ಒಳಗೆ ನಿಜವಾಗಿ ಬಳಕೆಗೆ ಬರತಕ್ಕ ಕಾರ್ಪೆಟ್ ಏರಿಯಾ. ಖಾಸಗಿ ಮಾಲೀಕರು ಹೇಳುವ ಸೂಪರ್ ಬಿಲ್ಟಪ್ ಏರಿಯಾದಲ್ಲಿ ಮೆಟ್ಟಲು, ಲಿಫ್ಟು, ಗೋಡೆಯ ದಪ್ಪ ಎಲ್ಲವೂ ಸೇರಿರುತ್ತವೆ. ಈ ಎರಡರ ವ್ಯತ್ಯಾಸವೇ ಎಷ್ಟೋ ಆಡಿಟ್ ಆಕ್ಷೇಪಣೆಗಳ ಮೂಲ. ಹಂಚಿಕೊಳ್ಳುವಾಗ ಲೆಕ್ಕ ಹೇಗಿರಬೇಕೆಂಬುದಕ್ಕೆ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಕಟ್ಟಡದಲ್ಲಿ ಮೂರು ಇಲಾಖೆಗಳಿಗೆ ಕ್ರಮವಾಗಿ 4,500, 3,000 ಮತ್ತು 1,500 ಚದರಡಿ ಪ್ರತ್ಯೇಕವಾಗಿ ಇದೆ. ಜನರು ಕಾಯುವ ಹಜಾರ, ಸಭೆಯ ಕೋಣೆ, ಶೌಚಾಲಯ ಸೇರಿ 1,200 ಚದರಡಿ ಎಲ್ಲರಿಗೂ ಸಮಾನ. ಚದರಡಿಗೆ 30 ರೂಪಾಯಿಯಂತೆ ತಿಂಗಳ ಬಾಡಿಗೆ 3,06,000 ರೂಪಾಯಿ. ಪ್ರತ್ಯೇಕ ಸ್ಥಳದ ಪ್ರಮಾಣದಲ್ಲಿಯೇ ಸಮಾನ ಸ್ಥಳವನ್ನೂ ಹಂಚಿದರೆ ಮೊದಲನೆಯ ಇಲಾಖೆಗೆ 1,53,000, ಎರಡನೆಯದಕ್ಕೆ 1,02,000, ಮೂರನೆಯದಕ್ಕೆ 51,000 ಬರುತ್ತದೆ. ಸುಲಭವಾದ ತ್ರೈರಾಶಿ. ಆದರೆ ಮೂರನೆಯದು ದಿನವೂ ನೂರಾರು ಜನರು ಬರುವ ಕಚೇರಿಯಾಗಿದ್ದು, ಮೊದಲನೆಯದು ಕೇವಲ ಕಡತಗಳ ಕಚೇರಿಯಾಗಿದ್ದರೆ, ಹಜಾರವನ್ನೂ ನೀರನ್ನೂ ಹೆಚ್ಚಾಗಿ ಬಳಸುವವರು ಕಡಿಮೆ ಬಾಡಿಗೆ ಕೊಟ್ಟಂತಾಯಿತು. ಇಲ್ಲಿಂದ ತಕರಾರು ಮೊದಲಾಗುತ್ತದೆ. ಅಳತೆ ನಿರ್ಧರಿಸಲಾರದ್ದನ್ನು ಒಪ್ಪಂದ ನಿರ್ಧರಿಸಬೇಕು, ಅದು ಒಳಹೋಗುವ ಮೊದಲೇ ಕಾಗದದ ಮೇಲೆ ಬರಬೇಕು.

ಹಾಗೆ ಬಾರದಿದ್ದಲ್ಲಿ ಏನಾಗುತ್ತದೆಂಬುದನ್ನು ನಾನು ಬಲ್ಲ ಒಂದು ತಾಲ್ಲೂಕು ಕೇಂದ್ರದಲ್ಲಿ ಕಂಡಿದ್ದೇನೆ. ಪೇಟೆಯ ಬೀದಿಯ ಒಂದು ಕಟ್ಟಡ. ಕೆಳಗೆ ಬಿತ್ತನೆಬೀಜದ ಅಂಗಡಿ, ಮೇಲಣ ಅಂತಸ್ತಿನಲ್ಲಿ ಮೂರು ಕಚೇರಿಗಳು. ಕಟ್ಟಡಕ್ಕೆಲ್ಲ ಒಂದೇ ಆರ್.ಆರ್. ನಂಬರಿನ ವಿದ್ಯುತ್ ಮೀಟರು. ಬಿಲ್ಲು ಬರುವುದು ಮೊದಲು ಬಂದು ಕುಳಿತ ಇಲಾಖೆಯ ಹೆಸರಿಗೆ. ಉಳಿದ ಇಬ್ಬರು ತಮ್ಮ ಪಾಲನ್ನು ಕೊಡಲು ಸಿದ್ಧರಿದ್ದರೂ ಯಾವ ಲೆಕ್ಕಶೀರ್ಷಿಕೆಯಿಂದ, ಯಾರ ಹೆಸರಿಗೆ, ಯಾವ ರಸೀತಿಯ ಮೇಲೆ ಕೊಡಬೇಕೆಂಬುದು ತಿಳಿಯದು. ನೀರೆತ್ತುವ ಮೋಟರಿನ ಗುಂಡಿ ಒಂದು ಕಚೇರಿಯ ಒಳಕೋಣೆಯಲ್ಲಿತ್ತು. ಆ ಕಚೇರಿಯವರು ಸಭೆಗೆಂದು ಜಿಲ್ಲಾ ಕೇಂದ್ರಕ್ಕೆ ಹೋದ ದಿನ ಮೂವರಿಗೂ ನೀರಿಲ್ಲ. ಶೌಚಾಲಯಕ್ಕೆ ಬೀಗ. ಕಂಕುಳಲ್ಲಿ ಮಗುವನ್ನೆತ್ತಿಕೊಂಡ ಹೆಂಗಸೊಬ್ಬಳು ಬೀಗದ ಕೈಯನ್ನು ಕೇಳಿದರೆ ಮೊದಲ ಕಚೇರಿಯ ಜವಾನ ಎರಡನೆಯ ಕಚೇರಿಯತ್ತ, ಎರಡನೆಯವನು ಮೂರನೆಯದರತ್ತ ಕೈತೋರಿಸಿದ. ಅವರಲ್ಲಿ ಯಾರೂ ಕೆಟ್ಟವರಲ್ಲ. ಅದೇ ದಿನ, ಮೆಟ್ಟಲು ಹತ್ತಲಾರದೆ ಕೆಳಗೆ ಅಂಗಡಿಯ ಜಗಲಿಯ ಮೇಲೆ ಕುಳಿತ ಮುದುಕಿಯ ಹೆಬ್ಬೆಟ್ಟಿನ ಗುರುತನ್ನು ಪಡೆಯಲು ಗುಮಾಸ್ತನೊಬ್ಬ ರಿಜಿಸ್ಟರನ್ನೂ ಮಸಿಯ ಪೆಟ್ಟಿಗೆಯನ್ನೂ ಹಿಡಿದು ಇಳಿದು ಬಂದು, ನಿಂತಿದ್ದ ಸ್ಕೂಟರಿನ ಸೀಟಿನ ಮೇಲೆ ಪುಸ್ತಕವನ್ನು ಹರಡಿ, ಅವಳ ಬೆರಳನ್ನು ಮೆಲ್ಲಗೆ ಹಿಡಿದು ಒತ್ತಿಸಿ, ತನ್ನ ಕರವಸ್ತ್ರದಿಂದಲೇ ಒರೆಸಿದ. ಸೌಜನ್ಯಕ್ಕೆ ಅಲ್ಲಿ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಹೊಣೆಗೆ.

ಹಿಂದೆ ನಮ್ಮ ಯಾತ್ರಾಸ್ಥಳಗಳ ಛತ್ರಗಳಲ್ಲಿ ನಾನಾ ದೇಶದ ಜನರು ಇಳಿದುಕೊಳ್ಳುತ್ತಿದ್ದರು. ಒಬ್ಬರ ಪರಿಚಯ ಒಬ್ಬರಿಗಿಲ್ಲದಿದ್ದರೂ ಬಾವಿಯ ಹಗ್ಗ, ದೀಪದ ಎಣ್ಣೆ, ಅಂಗಳದ ಕಸ ಇವುಗಳ ವಿಚಾರದಲ್ಲಿ ಜಗಳವಾಗದೆ ನಡೆಯುತ್ತಿತ್ತೆಂದರೆ ಅಲ್ಲಿ ಪಾರುಪತ್ಯಗಾರನೆಂಬ ಒಬ್ಬನಿದ್ದ. ನಮ್ಮ ಹಂಚಿಕೆಯ ಕಚೇರಿಗಳಿಗೆ ಬೇಕಾಗಿರುವವನೂ ಅಂಥ ಒಬ್ಬ ಪಾರುಪತ್ಯಗಾರನೇ. ಕಟ್ಟಡಕ್ಕೆ ಒಬ್ಬ ಅಧಿಕಾರಿ, ಆತನ ಕೈಯಲ್ಲಿ ನಿರ್ವಹಣೆಗೆಂದು ಒಂದು ಅನುದಾನ, ಮೂರು ಇಲಾಖೆಗಳೂ ಸಹಿಮಾಡಿದ ಒಂದು ಒಪ್ಪಂದ — ಇಷ್ಟಿದ್ದರೆ ಬೀಗದ ಕೈ ಎಲ್ಲಿದೆಯೆಂಬುದು ಎಲ್ಲರಿಗೂ ತಿಳಿದಿರುತ್ತದೆ.

ಈ ಪಾರುಪತ್ಯವನ್ನು ಶಾಸ್ತ್ರೀಯವಾಗಿ ಏರ್ಪಡಿಸಿಕೊಂಡ ದೇಶಗಳುಂಟು. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ, ಅಧ್ಯಕ್ಷ ಟ್ರೂಮನ್ನರ ಕಾಲದಲ್ಲಿ, 1949ರಲ್ಲಿ ಜನರಲ್ ಸರ್ವೀಸಸ್ ಅಡ್ಮಿನಿಸ್ಟ್ರೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಖಾಸಗಿ ಮಾಲೀಕರಿಂದ ಕಟ್ಟಡವನ್ನು ಬಾಡಿಗೆಗೆ ಹಿಡಿಯುವವರು ಸಾಮಾನ್ಯವಾಗಿ ಅವರು; ಅದರೊಳಗೆ ನೆಲಸುವ ಇಲಾಖೆಗಳು ಅವರೊಡನೆ ವಾಸದ ಒಪ್ಪಂದ ಮಾಡಿಕೊಂಡು ಅವರಿಗೆ ಬಾಡಿಗೆ ಸಲ್ಲಿಸುತ್ತವೆ. ಆ ಹಣ 1972ರ ತಿದ್ದುಪಡಿಯಿಂದ ಹುಟ್ಟಿದ ಕಟ್ಟಡಗಳ ನಿಧಿಯೊಂದಕ್ಕೆ ಹೋಗುತ್ತದೆ. ಎಲ್ಲರೂ ಬಳಸುವ ಸ್ಥಳದ ಪಾಲು ಪ್ರಮಾಣಕ್ಕನುಸಾರ ಒಂದೊಂದು ಇಲಾಖೆಯ ಲೆಕ್ಕಕ್ಕೂ ಸೇರುತ್ತದೆ. ಬಿಟ್ಟುಹೋಗಬೇಕಾದ ಇಲಾಖೆ, ಒಪ್ಪಂದದಲ್ಲಿ ಅವಕಾಶವಿದ್ದಲ್ಲಿ, ನಾಲ್ಕು ತಿಂಗಳ ಸೂಚನೆ ಕೊಟ್ಟು ಸ್ಥಳವನ್ನು ಮರಳಿಸಬಹುದು. ಬ್ರಿಟನ್ನಿನಲ್ಲಿ ನಮ್ಮ 299ನೆಯ ಅನುಚ್ಛೇದದ ಸಂದರ್ಭದಲ್ಲಿ ಕಂಡ ತೊಡಕೇ ಇನ್ನೊಂದು ರೂಪದಲ್ಲಿದೆ: ಅಲ್ಲಿ ಇಲಾಖೆಗಳೆಲ್ಲ ಕ್ರೌನ್ (ರಾಜಮುಕುಟ) ಎಂಬ ಒಂದೇ ವ್ಯಕ್ತಿತ್ವದ ಅಂಗಗಳಾದ್ದರಿಂದ ಒಂದು ಇನ್ನೊಂದಕ್ಕೆ ಬಾಡಿಗೆಯ ಪತ್ರ ಬರೆದುಕೊಡಲಾರದು. ಹಾಗೆಂದು ಅವರು ಸುಮ್ಮನಿರಲಿಲ್ಲ. ನ್ಯಾಯಾಲಯಕ್ಕೆ ಹೋಗಲಾರದ ಪತ್ರವಾದರೂ ಚಿಂತೆಯಿಲ್ಲವೆಂದು, ಯಾರು ಎಷ್ಟು ಜಾಗದಲ್ಲಿ, ಎಷ್ಟು ಕಾಲ, ಯಾವ ಖರ್ಚು ಹೊತ್ತು ಇರತಕ್ಕದ್ದೆಂಬುದನ್ನು ಇಲಾಖೆಗಳ ನಡುವಣ ವಾಸನಿಬಂಧನೆಗಳ ಟಿಪ್ಪಣಿಯಾಗಿ ಬರೆದಿಟ್ಟುಕೊಳ್ಳುವ ಪದ್ಧತಿ ಅಲ್ಲಿದೆ. 2018ರಲ್ಲಿ ಈ ಕೆಲಸಕ್ಕೆಂದು ಒಂದು ಪ್ರತ್ಯೇಕ ಸಂಸ್ಥೆಯನ್ನೂ ಮಾಡಿಕೊಂಡರು. ರಾಜ್ಯ ತನ್ನೊಡನೆ ತಾನು ಕರಾರು ಮಾಡಿಕೊಳ್ಳಲಾರದೆಂಬುದು ನಮ್ಮಲ್ಲಿ ಏನನ್ನೂ ಬರೆಯದಿರುವುದಕ್ಕೆ ನೆಪವಾಗಿದ್ದರೆ, ಅಲ್ಲಿ ಹೆಚ್ಚು ವಿವರವಾಗಿ ಬರೆಯುವುದಕ್ಕೆ ಕಾರಣವಾಗಿದೆ.

ನಮ್ಮಲ್ಲಿ ಅನುಕರಣೀಯವಾದದ್ದು ಏನೂ ಇಲ್ಲವೆಂದು ಮಾತ್ರ ತಿಳಿಯಬಾರದು. ಬೆಂಗಳೂರಿನ ಮಹಾನಗರ ಸಾರಿಗೆ ಸಂಸ್ಥೆ ನಗರಗಳ ನವೀಕರಣಕ್ಕೆಂದು ಕೇಂದ್ರ ನಡೆಸಿದ ನರ್ಮ್ ಯೋಜನೆಯ ನೆರವಿನಿಂದ ಕಟ್ಟಿಸಿದ ಸಂಚಾರ ಮತ್ತು ಸಾರಿಗೆ ನಿರ್ವಹಣಾ ಕೇಂದ್ರಗಳನ್ನು, ಎಂದರೆ ಟಿ.ಟಿ.ಎಂ.ಸಿ.ಗಳನ್ನು, ಓದುಗರು ನೋಡಿರಬಹುದು. ಕೆಳಗೆ ಬಸ್ಸುಗಳು ಬಂದು ಹೋಗುತ್ತವೆ. ಮೇಲಣ ಅಂತಸ್ತುಗಳಲ್ಲಿ ಕಚೇರಿಗಳಿವೆ. ಶಾಂತಿನಗರದಲ್ಲಿ ರಾಜ್ಯದ ಸಾರಿಗೆ ಆಯುಕ್ತರ ಕಚೇರಿ, ದೊಮ್ಮಲೂರಿನಲ್ಲಿ ಕೇಂದ್ರ ತೆರಿಗೆಯ ಕಮಿಷನರೇಟು, ಕೋರಮಂಗಲದ ಸಂಸ್ಥೆಯ ಕಟ್ಟಡದಲ್ಲಿ ಆದಾಯ ತೆರಿಗೆಯ ಕಚೇರಿಗಳು — ಹೀಗೆ ಕೇಂದ್ರವೂ ರಾಜ್ಯವೂ ಸಾರ್ವಜನಿಕ ಸಂಸ್ಥೆಯೊಂದರ ಬಾಡಿಗೆದಾರರಾಗಿ ನೆಲಸಿವೆ. ಇದರಲ್ಲಿ ಎರಡು ಸೊಗಸುಗಳಿವೆ. ಕೊಟ್ಟ ಬಾಡಿಗೆ ಸಾರ್ವಜನಿಕರ ಬೊಕ್ಕಸದಿಂದ ಹೊರಗೆ ಹೋಗದೆ ಬಸ್ಸು ಓಡಿಸುವ ಸಂಸ್ಥೆಗೆ ಸಲ್ಲುತ್ತದೆ. ಕಚೇರಿಗೆ ಬರತಕ್ಕವನು ಆಟೋ ಹುಡುಕುವ ಅಗತ್ಯವಿಲ್ಲದೆ ಬಸ್ಸಿನಿಂದ ಇಳಿದ ಕಡೆಯಲ್ಲೇ ಮೇಲಕ್ಕೆ ಹೋಗಬಹುದು. ಜಿಲ್ಲಾ ಕೇಂದ್ರಗಳ ಬಸ್ ನಿಲ್ದಾಣಗಳಲ್ಲಿಯೂ ಇದೇ ಮಾರ್ಗವನ್ನು ಅನುಸರಿಸಿದರೆ ಲಾಭವಲ್ಲದೆ ನಷ್ಟವಿಲ್ಲ.

ಇನ್ನೊಂದು ನಿದರ್ಶನ ಮೈಸೂರಿನದು. ಅಂಚೆ ಇಲಾಖೆಯೂ ವಿದೇಶಾಂಗ ಸಚಿವಾಲಯವೂ ಕೂಡಿ, ಅಂಚೆ ಕಚೇರಿಯೊಳಗೆ ಪಾಸ್‌ಪೋರ್ಟ್ ಸೇವಾ ಕೇಂದ್ರವನ್ನು ತೆರೆಯುವ ಪ್ರಯೋಗವನ್ನು 2017ರ ಜನವರಿ 25ರಂದು ಎರಡು ಊರುಗಳಲ್ಲಿ ಆರಂಭಿಸಿದವು. ಒಂದು ಗುಜರಾತಿನ ದಾಹೋದ್, ಇನ್ನೊಂದು ನಮ್ಮ ಮೈಸೂರು. ಅಂಚೆಯವರಲ್ಲಿ ಸ್ಥಳವಿತ್ತು, ಊರೂರಿನ ವಿಶ್ವಾಸವಿತ್ತು. ಸಚಿವಾಲಯಕ್ಕೆ ದೊಡ್ಡ ನಗರಗಳ ಆಚೆ ಕಾಲಿಡಲು ನೆಲೆ ಬೇಕಾಗಿತ್ತು. ಅಂದು ಆರಂಭವಾದ ಪ್ರಯೋಗ ಇಂದು ದೇಶಾದ್ಯಂತ ನಾಲ್ಕುನೂರಕ್ಕೂ ಮಿಕ್ಕ ಅಂಚೆ ಕಚೇರಿಗಳಿಗೆ ಹಬ್ಬಿದೆ. ಇಲ್ಲಿ ಯಾರೂ ಹೊಸ ಕಟ್ಟಡ ಕಟ್ಟಲಿಲ್ಲ. ಇದ್ದ ನೆಲೆಯಲ್ಲಿ ಯಾರ ಕೆಲಸ ಎಲ್ಲಿ ಮುಗಿಯುತ್ತದೆ, ಯಾರದು ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡರು. 2005ರಲ್ಲಿ ತೆರೆದ ಬೆಂಗಳೂರು ಒನ್ ಕೇಂದ್ರಗಳೂ ಇದೇ ತತ್ತ್ವದವು. ನೀರಿನ ಬಿಲ್ಲನ್ನೂ ವಿದ್ಯುತ್ತಿನ ಬಿಲ್ಲನ್ನೂ ಒಂದೇ ಕಿಟಕಿಯಲ್ಲಿ ಕಟ್ಟಿದವನಿಗೆ ಆ ಕಿಟಕಿ ಯಾವ ಇಲಾಖೆಯದೆಂದು ತಿಳಿಯುವ ಅವಶ್ಯಕತೆ ಬರಲಿಲ್ಲ.

ಇದರೊಡನೆ, ಎಲ್ಲವನ್ನೂ ಎಲ್ಲರೊಡನೆ ಕೂಡಿಸಲಾಗದೆಂಬುದನ್ನೂ ಒಪ್ಪಬೇಕು. ಖಜಾನೆಗೆ ಭದ್ರಕೋಣೆ ಬೇಕು, ಕಾವಲು ಬೇಕು. ಸಾರ್ವಜನಿಕ ಪರೀಕ್ಷೆಗಳ ಪ್ರಶ್ನಪತ್ರಿಕೆಗಳು ಬಂದು ತಂಗುವುದೂ ಅಲ್ಲಿಯೇ. ತೆರಿಗೆಯವರ ಶೋಧನೆಯ ಕಾಗದಗಳು ಪಕ್ಕದ ಮೇಜಿನವರ ಕಣ್ಣಿಗೆ ಬೀಳಕೂಡದು. ಕಟ್ಟಡದ ಶಕ್ತಿಯ ಮಾತೂ ಇದೆ. ಇದು ಬಹಳ ಜನರ ಗಮನಕ್ಕೆ ಬಾರದ ವಿಷಯ. ವಾಸದ ಮನೆಯ ಕೊಠಡಿಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ ಭಾರಕ್ಕೆಂದು ವಿನ್ಯಾಸ ಮಾಡಿರುತ್ತಾರೆ. ದಾಖಲೆಗಳನ್ನು ತುಂಬಿಡತಕ್ಕ ಕೋಣೆಗೆ ಭಾರತೀಯ ಮಾನಕ ಹೇಳುವುದು ಸುಮಾರು 500 ಕಿಲೋಗ್ರಾಂ. ವಾಸಕ್ಕೆಂದು ಕಟ್ಟಿದ ಮನೆಯ ಮೇಲಂತಸ್ತನ್ನು ಬಾಡಿಗೆಗೆ ಹಿಡಿದು, ಅಲ್ಲಿ ಎರಡು ಇಲಾಖೆಗಳ ಹಳೆಯ ಕಡತಗಳನ್ನು ಸೂರಿನವರೆಗೆ ಪೇರಿಸಿದರೆ, ಆ ನೆಲ ತನಗೆ ಗೊತ್ತಿಲ್ಲದ ಕೆಲಸವನ್ನು ಹೊತ್ತಿರುತ್ತದೆ. ಬಾಡಿಗೆಯ ದರವನ್ನು ದೃಢಪಡಿಸುವ ಎಂಜಿನಿಯರು ನೆಲದ ಬಲವನ್ನೂ ದೃಢಪಡಿಸಬೇಕೆಂಬುದು ಕಡ್ಡಾಯವಾಗಬೇಕು.

ಮೆಟ್ಟಲಿನ ವಿಚಾರ ಅದಕ್ಕಿಂತ ತುರ್ತಿನದು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ, ಆಗಲೇ ಇದ್ದ ಸಾರ್ವಜನಿಕ ಕಟ್ಟಡಗಳನ್ನು ತನ್ನ ನಿಯಮಗಳು ಹೊರಟ ಐದು ವರ್ಷಗಳೊಳಗೆ ಸುಗಮಗೊಳಿಸಬೇಕೆಂದು ವಿಧಿಸಿತು. ಅದರ ನಿಯಮಗಳು 2017ರಲ್ಲಿ ಹೊರಟವು. ಆ ಐದು ವರ್ಷ ಮುಗಿದುಹೋಗಿದೆ. ಸರ್ಕಾರ ಕಟ್ಟಿಸಿದ ಸೌಧದಲ್ಲಿ ಇಳಿಜಾರಿನ ದಾರಿಯನ್ನೊ ಲಿಫ್ಟನ್ನೊ ಹಾಕಿಸಬಹುದು. ಬಾಡಿಗೆಯ ಮನೆಯಲ್ಲಿ ಮಾಲೀಕನ ಒಪ್ಪಿಗೆ ಬೇಕು, ಹಂಚಿಕೆಯ ಬಾಡಿಗೆಯಲ್ಲಿ ಖರ್ಚು ಯಾರದೆಂಬುದು ನಿರ್ಧಾರವಾಗಬೇಕು, ಆ ನಿರ್ಧಾರವಾಗುವವರೆಗೆ ಮುದುಕಿ ಜಗಲಿಯ ಮೇಲೆ ಕುಳಿತಿರಬೇಕು. ನೋಂದಣಿ ಅಧಿನಿಯಮದ 31ನೆಯ ಪ್ರಕರಣದಲ್ಲಿ, ವಿಶೇಷ ಕಾರಣವಿದ್ದಾಗ ಅಧಿಕಾರಿಯೇ ಮನೆಗೆ ಬಂದು ಪತ್ರವನ್ನು ನೋಂದಾಯಿಸಲು ಅವಕಾಶವಿದೆ. 1908ರಷ್ಟು ಹಿಂದೆಯೇ ಶಾಸನಕಾರರಿಗೆ ಹೊಳೆದಿದ್ದ ಈ ಕಾರುಣ್ಯ, ಕಚೇರಿಯನ್ನು ನೆಲದ ಅಂತಸ್ತಿನಲ್ಲಿ ಹಿಡಿಯುವ ಸರಳ ವಿವೇಕವಾಗಿ ಇಂದು ಕಾಣಿಸಿಕೊಳ್ಳಬಾರದೇಕೆ?

ಸ್ವಂತದ ಭವನಗಳೇ ಸರ್ವರೋಗಕ್ಕೂ ಮದ್ದೆಂಬ ವಾದಕ್ಕೂ ಒಂದು ಮಾತು. ದೆಹಲಿಯಲ್ಲಿ ಸಚಿವಾಲಯಗಳನ್ನು ಒಂದುಗೂಡಿಸಲೆಂದು ಕಟ್ಟಿದ ಕರ್ತವ್ಯ ಭವನಗಳಲ್ಲಿ ಮೊದಲನೆಯದು 2025ರ ಆಗಸ್ಟ್ 6ರಂದು ಉದ್ಘಾಟನೆಯಾದಾಗ, ಸಚಿವಾಲಯಗಳ ಬಾಡಿಗೆಗೆಂದು ವರ್ಷಕ್ಕೆ 1,500 ಕೋಟಿ ರೂಪಾಯಿ ಹೋಗುತ್ತಿದೆಯೆಂದು ಪ್ರಧಾನಮಂತ್ರಿಗಳೇ ಹೇಳಿದರು. ಅಷ್ಟು ದೊಡ್ಡ ಮೊತ್ತ ನಿರಂತರವಾಗಿ ಹೋಗುತ್ತಿರುವಲ್ಲಿ ಕಟ್ಟುವುದೇ ಸರಿ. ಆದರೆ ನಮ್ಮ ಬೆಳಗಾವಿಯ ಸುವರ್ಣ ವಿಧಾನಸೌಧವನ್ನು ನೋಡಿರಿ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಉದ್ಘಾಟಿಸಿದ ಆ ಭವ್ಯಸೌಧದಲ್ಲಿ ವಿಧಾನಮಂಡಲದ ಅಧಿವೇಶನ ನಡೆಯುವುದು ವರ್ಷದಲ್ಲಿ ಕೆಲವೇ ದಿನ. ಕೆಲವು ಕಚೇರಿಗಳು ತರುವಾಯ ಅಲ್ಲಿಗೆ ಬಂದವಾದರೂ, ಉತ್ತರ ಕರ್ನಾಟಕದ ಜನರು ಕೇಳುತ್ತ ಬಂದಿರುವಂತೆ ರಾಜ್ಯಮಟ್ಟದ ಕಚೇರಿಗಳು ಪೂರ್ಣವಾಗಿ ಅಲ್ಲಿ ನೆಲಸಲಿಲ್ಲ. ಕಟ್ಟಿದ ಸೌಧವನ್ನು ಹಂಚಿಕೊಳ್ಳಲಾರದ ಸರ್ಕಾರಕ್ಕೆ ಬಾಡಿಗೆಯ ಮನೆಯನ್ನು ಹಂಚಿಕೊಳ್ಳುವ ಶಿಸ್ತೂ ಬರಲಾರದು. ಎರಡಕ್ಕೂ ಬೇಕಾದ ಗುಣ ಒಂದೇ.

ಓದುಗರಲ್ಲಿ ನನ್ನದೊಂದು ವಿಜ್ಞಾಪನೆಯುಂಟು. ನಿಮ್ಮ ತಾಲ್ಲೂಕಿನಲ್ಲಿ ಬಾಡಿಗೆಯ ಕಟ್ಟಡದೊಳಗೆ ಒಂದಕ್ಕಿಂತ ಹೆಚ್ಚು ಕಚೇರಿಗಳಿದ್ದರೆ, ಮಾಹಿತಿ ಹಕ್ಕಿನ ಅಧಿನಿಯಮದಂತೆ ಹತ್ತು ರೂಪಾಯಿ ಶುಲ್ಕ ಕೊಟ್ಟು ಮೂರು ಸಂಗತಿಗಳನ್ನು ಕೇಳಿರಿ: ಬಾಡಿಗೆಯ ಕರಾರುಪತ್ರ ಯಾವ ದಿನಾಂಕಕ್ಕೆ ಮುಗಿಯುತ್ತದೆ, ಇಲಾಖೆಗಳ ನಡುವೆ ಸ್ಥಳದ ಹಂಚಿಕೆಗೆ ಲಿಖಿತ ಒಪ್ಪಂದವಿದೆಯೆ, ನೀರು, ಶೌಚಾಲಯ, ಮೆಟ್ಟಲು ಇವುಗಳ ಹೊಣೆ ಹೊತ್ತ ಅಧಿಕಾರಿ ಯಾರು. ಮೂವತ್ತು ದಿನಗಳೊಳಗೆ ಉತ್ತರ ಬರತಕ್ಕದ್ದು. ಬಂದ ಉತ್ತರವನ್ನು ಆ ಕಚೇರಿಯ ಮೆಟ್ಟಲನ್ನು ಹತ್ತಲಾರದ ನಿಮ್ಮ ಊರಿನ ಹಿರಿಯರಿಗೆ ಓದಿ ಹೇಳಿರಿ. ಮೂರನೆಯ ಪ್ರಶ್ನೆಗೆ ಯಾರ ಹೆಸರೂ ಬಾರದಿದ್ದರೆ ಅದನ್ನು ನಿಮ್ಮ ಶಾಸಕರ ಮುಂದೆ ಇಡಿರಿ.